‘ಮುಂದೇನು?’ ಎಂಬ ಪ್ರಶ್ನೆಗೆ ಕನ್ನಡ ಬೇಡವೆ?

ಡೊಂಬಿವಲಿಯಿಂದ ಹೊರಡುವ ಬೆಳಗಿನ ಫಾಸ್ಟ್ ಲೋಕಲ್‌ಗಳಲ್ಲಿ, ಠಾಣೆಯಿಂದ ವಾಶಿಯತ್ತ ಸಾಗುವ ಗಾಡಿಗಳಲ್ಲಿ, ಐರೋಲಿಯ ಐಟಿ ಕಚೇರಿಗಳ ಊಟದ ಮೇಜುಗಳ ಸುತ್ತ ಒಂದು ಚರ್ಚೆ ಮುಗಿಯದೆ ನಡೆದಿದೆ: ಮುಂದಿನ ಜೇಮ್ಸ್ ಬಾಂಡ್ ಯಾರು? 1962ರ ‘ಡಾಕ್ಟರ್ ನೋ’ದಿಂದ ಆರಂಭವಾದ ಸರಣಿಯ ಇಪ್ಪತ್ತೈದನೆಯ ಚಿತ್ರ 2021ರಲ್ಲಿ ಬಂತು, ಅದರ ಕೊನೆಯಲ್ಲಿ ನಾಯಕನೇ ಸತ್ತ. 2025ರ ಫೆಬ್ರವರಿಯಲ್ಲಿ ಸರಣಿಯ ಸೃಜನಶೀಲ ನಿಯಂತ್ರಣ ಬ್ರೊಕೊಲಿ ಕುಟುಂಬದ ಕೈಯಿಂದ ಅಮೆಜಾನ್ ಸಂಸ್ಥೆಗೆ ಹೋಯಿತು. ನಿರ್ದೇಶಕರಾಗಿ ಡೆನಿ ವಿಲ್‌ನವ್, ಬರಹಗಾರರಾಗಿ ಸ್ಟೀವನ್ ನೈಟ್ ಬಂದರು. ಅಷ್ಟು ಸಾಕಾಯಿತು. ಸತ್ತವನನ್ನು ಹೇಗೆ ಎಬ್ಬಿಸುತ್ತಾರೆ, ಕಥೆಯನ್ನು ಹಿಂದಿನ ಕಾಲಕ್ಕೆ ಒಯ್ಯುತ್ತಾರೆಯೆ, ಹೊಸ ಮುಖ ಯಾರದು ಎಂಬ ಊಹೆಗಳಿಗೆ ಕಲ್ಯಾಣದಿಂದ ದಾದರಿನವರೆಗಿನ ದಾರಿಯೂ ಸಾಲದು.

ನಮ್ಮ ಸಾಹಿತ್ಯಕೂಟಗಳ ಹಿರಿಯರು ಇದನ್ನು ಕಂಡು ಮೂಗು ಮುರಿಯುತ್ತಾರೆ. ‘ಕೆಲಸವಿಲ್ಲದವರ ಹರಟೆ’ ಎಂಬುದು ಅವರ ತೀರ್ಪು. ಆ ತೀರ್ಪಿಗೆ ನನ್ನ ಸಮ್ಮತಿಯಿಲ್ಲ. ವಾರಪತ್ರಿಕೆಯ ಧಾರಾವಾಹಿ ‘ಮುಂದಿನ ಸಂಚಿಕೆಗೆ’ ಎಂದು ನಿಂತಾಗ, ಆ ಹುಡುಗಿಯ ಮದುವೆ ಏನಾಗುತ್ತದೆಂದು ವಾರವಿಡೀ ಅಂದಾಜಿಸುತ್ತಿದ್ದ ನಮ್ಮ ತಾಯಂದಿರು ಮಾಡಿದ್ದೂ ಇದನ್ನೇ. ಊಹಿಸುವುದೆಂದರೆ ಕಥೆಯ ಮೇಲೆ ಹಕ್ಕು ಸಾಧಿಸುವುದು. ತನ್ನದಲ್ಲದ ಕಥೆಯ ಮುಂದಿನ ತಿರುವಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ನನ್ನ ತಕರಾರು ಬೇರೆ. ಈ ಊಹೆಯನ್ನು ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮಾಡುತ್ತಾರೆ. ಹಿಂದಿಯ ‘ವಾರ್’, ‘ಪಠಾಣ್’ಗಳ ಮುಂದಿನ ಕಂತಿನ ವಿಷಯವಾದರೆ ಹಿಂದಿಯಲ್ಲಿ ಮಾಡುತ್ತಾರೆ. ಕನ್ನಡದಲ್ಲಿ ಹಾಗೆ ಊಹಿಸಲು ಅವರಿಗೆ ನಾವು ಏನನ್ನೂ ಕೊಟ್ಟಿಲ್ಲ. ಕೊಡಲು ಇರಲಿಲ್ಲವೆ? ಇತ್ತು.

1968ರಲ್ಲಿ ದೊರೈ-ಭಗವಾನ್ ಜೋಡಿ ‘ಜೇಡರ ಬಲೆ’ಯನ್ನು ತಂದಿತು. ಅಲ್ಲಿಯವರೆಗೆ ಬೇಡರ ಕಣ್ಣಪ್ಪನಾಗಿ, ಕನಕದಾಸರಾಗಿ, ಮಂತ್ರಾಲಯದ ರಾಘವೇಂದ್ರರಾಗಿ ಜನ ಕೈಮುಗಿದಿದ್ದ ರಾಜಕುಮಾರ್ ಕೋಟು ತೊಟ್ಟು, ಪಿಸ್ತೂಲು ಹಿಡಿದು, ಗುಪ್ತಚರ ಪ್ರಕಾಶನಾಗಿ, ಸಿಐಡಿ 999 ಆಗಿ ನಿಂತರು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು. ಪೋರ್ಚುಗೀಸರು ಗೋವಾ ಬಿಟ್ಟು ಆಗ ಏಳೇ ವರ್ಷ. ಆ ಚಿತ್ರದಿಂದ ನಟಿ ಲಕ್ಷ್ಮಿ ಕನ್ನಡಕ್ಕೆ ಬಂದರು. ಮರುವರ್ಷದ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ರಲ್ಲಿ ರೇಖಾ ಮೊದಲ ಬಾರಿಗೆ ನಾಯಕಿಯಾದರು, ಮುಂಬಯಿಯ ಹಿಂದಿ ತೆರೆ ಅವರನ್ನು ಕಂಡದ್ದು ಆಮೇಲೆ. ನಾಲ್ಕನೆಯದು 1978ರ ‘ಆಪರೇಷನ್ ಡೈಮಂಡ್ ರಾಕೆಟ್’. ಅಲ್ಲಿಗೆ ಸರಣಿ ನಿಂತಿತು. ರಾಜಕುಮಾರ್ 2006ರಲ್ಲಿ, ಭಗವಾನ್ 2023ರಲ್ಲಿ ತೀರಿಕೊಂಡರು. ಈ ನಡುವೆ ಬ್ರಿಟಿಷರು ತಮ್ಮ ಗೂಢಚಾರನಿಗೆ ಮತ್ತೆ ಮತ್ತೆ ಮುಖ ಬದಲಿಸಿ ಅವನನ್ನು ಉಳಿಸಿಕೊಂಡರು. ನಾವು ನಮ್ಮವನನ್ನು ನಟನೊಂದಿಗೇ ಮಣ್ಣು ಮಾಡಿದೆವು.

ಇಂದು ಆ ಸರಣಿಯಿಂದ ಉಳಿದಿರುವುದೇನು? ನಾಲ್ಕನೆಯ ಚಿತ್ರದಲ್ಲಿ ರಾಜಕುಮಾರ್ ತಾವೇ ಹಾಡಿದ ಒಂದು ಇಂಗ್ಲಿಷ್ ಹಾಡು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಕೆಲವರು ಅಭಿಮಾನದಿಂದ ಕೇಳುತ್ತಾರೆ, ಕೆಲವರು ತಮಾಷೆಗೆ. ಪ್ರಕಾಶ ಆಮೇಲೆ ಯಾವ ಕೇಸು ಹಿಡಿದ ಎಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಹೊರನಾಡಿನ ಕನ್ನಡದ ರೋಗ ಇರುವುದು ಇಲ್ಲಿಯೇ. ನಮ್ಮ ಭಾಷೆ ಭೂತಕಾಲದಲ್ಲಿ ಬದುಕುತ್ತಿದೆ. ಠಾಣೆ, ಕಲ್ಯಾಣ, ನವಿ ಮುಂಬಯಿಗಳ ಸಂಘಗಳ ಯಾವುದೇ ಆಮಂತ್ರಣ ಪತ್ರಿಕೆಯನ್ನು ತೆಗೆದು ನೋಡಿ: ಸಂಸ್ಮರಣೆ, ನೆನಪಿನಂಗಳ, ಹಳೆಯ ಹಾಡುಗಳ ರಸಮಂಜರಿ, ಗತವೈಭವದ ಉಪನ್ಯಾಸ. ಇವು ಬೇಕು, ನಿಜ. ಆದರೆ ಇವಿಷ್ಟನ್ನೇ ಕಂಡು ಬೆಳೆದ ಮಗುವಿಗೆ ಕನ್ನಡವೆಂದರೆ ಅಜ್ಜಿಯ ಟ್ರಂಕು: ಗೌರವದಿಂದ ಮುಟ್ಟಬೇಕು, ಮುಚ್ಚಿಡಬೇಕು. ಅದರ ಕುತೂಹಲವೆಲ್ಲ ಬೇರೆ ಭಾಷೆಗಳಿಗೆ ಸಂದಾಯವಾಗುತ್ತದೆ. ‘ಹೀಗಿತ್ತು’ ಎಂಬುದನ್ನು ಮಾತ್ರ ಹೇಳಬಲ್ಲ, ‘ಮುಂದೇನು?’ ಎಂದು ಕೇಳಲಾಗದ ಭಾಷೆ ಮನೆಯಲ್ಲಿ ಹೆಚ್ಚೆಂದರೆ ಇನ್ನೊಂದು ತಲೆಮಾರು ಬಾಳೀತು.

‘ಸಿಐಡಿ 999 ಬಾಂಡ್‌ನ ನಕಲಲ್ಲವೆ, ನಕಲಿಗೆ ಇಷ್ಟು ದುಃಖವೇಕೆ?’ ಎನ್ನುವವರಿದ್ದಾರೆ. ಇಂಗ್ಲಿಷ್ ಎಂ.ಎ. ಓದಿದವನಾಗಿ ಈ ಮಾತನ್ನು ನಾನು ಒಪ್ಪಲಾರೆ. ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದು ‘ಇಂಗ್ಲಿಷ್ ಗೀತಗಳು’ ಎಂದು ರಾಜಾರೋಷವಾಗಿಯೇ ಹೆಸರಿಟ್ಟರು. ಹೊಸಗನ್ನಡ ಕಾವ್ಯ ಹೆಜ್ಜೆ ಹಾಕಿದ್ದು ಆ ದಾರಿಯಲ್ಲಿ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಬಂಕಿಮಚಂದ್ರರನ್ನು ತಂದುದರಿಂದ ಕನ್ನಡಕ್ಕೆ ಕಾದಂಬರಿ ಓದುವ ಜನ ಸಿದ್ಧರಾದರು. ಕವಿತೆಗೂ ಕಾದಂಬರಿಗೂ ಸಂದ ರಿಯಾಯಿತಿ ಪತ್ತೇದಾರನಿಗೆ ಮಾತ್ರ ಏಕಿಲ್ಲ?

ಏಕಿಲ್ಲವೆಂದರೆ, ಅವನು ನಮಗೆ ‘ಕೆಳದರ್ಜೆ’. ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನಂಥ ಪಾತ್ರಗಳನ್ನಿಟ್ಟುಕೊಂಡು ನೂರಾರು ಕಾದಂಬರಿಗಳನ್ನು ಬರೆದರು. ಅಕ್ಷರ ಕಲಿತಷ್ಟೇ ಕಲಿತಿದ್ದ ಜನರ ಕೈಗೆ ಕನ್ನಡ ಪುಸ್ತಕವನ್ನಿಟ್ಟರು. ನಮ್ಮ ವಿಚಾರಸಂಕಿರಣಗಳ ಪಟ್ಟಿಯಲ್ಲಿ ಅವರ ಹೆಸರನ್ನು ಎಷ್ಟು ಸಲ ಕಂಡಿದ್ದೀರಿ? ಇನ್ನೊಂದು ವಿಪರ್ಯಾಸವನ್ನು ನೋಡಿ. ನವೆಂಬರ್ 1ರಂದು ನಾವು ಹಾರಿಸುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರು. ಅವರ ಬಾವುಟಕ್ಕೆ ವಂದನೆ, ಅವರ ಕಾದಂಬರಿಗಳಿಗೆ ನಾಚಿಕೆ!

ಗಂಭೀರ ಸಾಹಿತ್ಯಕ್ಕೆ ಕುತೂಹಲ ಹೊರತಾದುದೆಂಬುದೂ ಸುಳ್ಳು. ಯಶವಂತ ಚಿತ್ತಾಲರ ‘ಶಿಕಾರಿ’ ಪ್ರಕಟವಾದದ್ದು 1979ರಲ್ಲಿ, ಅಂದರೆ ಸಿಐಡಿ 999 ತೆರೆಯಿಂದ ಮರೆಯಾದ ಮರುವರ್ಷ. ಮುಂಬಯಿಯ ರಾಸಾಯನಿಕ ಕಂಪೆನಿಯ ಅಧಿಕಾರಿ ನಾಗಪ್ಪನನ್ನು ಬಲವಂತದ ರಜೆಗೆ ಕಳುಹಿಸುತ್ತಾರೆ. ಆರೋಪವೇನೆಂದು ಅವನಿಗೇ ಸ್ಪಷ್ಟವಿಲ್ಲ. ಬೇಟೆಗಾರ ಯಾರು, ಬೇಟೆ ಯಾವುದು ಎಂಬ ಶಂಕೆಯಲ್ಲೇ ಪುಟಗಳು ಉರುಳುತ್ತವೆ. ಡೊಂಬಿವಲಿ, ತಳೋಜಗಳ ರಾಸಾಯನಿಕ ಕಾರ್ಖಾನೆಗಳಲ್ಲಿ ದುಡಿದ ಕನ್ನಡಿಗರಿಗೆ ಆ ಭಯದ ವಾಸನೆ ಅಪರಿಚಿತವಲ್ಲ. ‘ಮುಂದೇನಾಗುತ್ತದೆ?’ ಎಂದು ಓದಿಸಿಕೊಳ್ಳದೆ ಹೋಗಿದ್ದರೆ ‘ಶಿಕಾರಿ’ಯ ತತ್ತ್ವಜಿಜ್ಞಾಸೆ ನಮ್ಮನ್ನು ತಲುಪುತ್ತಿತ್ತೆ?

‘ಸಿನೆಮಾ ಮಾಡಬೇಕಾದವರು ಬೆಂಗಳೂರಿನವರು, ಇಲ್ಲಿ ಕುಳಿತು ನಾವೇನು ಮಾಡಲಾದೀತು?’ ಎಂಬುದು ಕೊನೆಯ ನೆಪ. ಸಿನೆಮಾಕ್ಕೆ ಕೋಟಿಗಳು ಬೇಕು, ಸರಿ. ಊಹೆಗೆ ಕಾಸೂ ಬೇಡ. ಅದಕ್ಕೆ ಬೇಕಾದ ನೆಲವೂ ನಮ್ಮ ಕಾಲಡಿಯಲ್ಲೇ ಇದೆ. ಉರಣದ ಬಳಿ ನಾವಾ-ಶೇವಾ ಬಂದರಿನಲ್ಲಿ ಕಂಟೇನರುಗಳು ಬೆಟ್ಟಗಳಂತೆ ಪೇರಿಕೊಂಡಿವೆ. ಕಲ್ಯಾಣ ಜಂಕ್ಷನ್‌ನಲ್ಲಿ ನಾಸಿಕದ ದಾರಿ ಪುಣೆಯ ದಾರಿಯಿಂದ ಅಗಲುತ್ತದೆ. ಠಾಣೆಯ ಖಾಡಿಯ ಕೆಸರಿನಲ್ಲಿ ರಾಜಹಂಸಗಳು ಇಳಿಯುತ್ತವೆ. ಇನ್ನು ಗೂಢಚಾರನ ವಿಷಯ: ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಗಲ್ಲೆಯ ಮೇಲೆ ಹಿಂದಿ, ಸೊಸೈಟಿಯ ಸಭೆಯಲ್ಲಿ ಮರಾಠಿ ಆಡುತ್ತ, ನಾಲ್ಕೂ ಕಡೆ ತನ್ನವನೆನಿಸಿಕೊಳ್ಳುವ ಹೋಟೆಲಿನ ಶೆಟ್ಟರಿಗಿಂತ ಒಳ್ಳೆಯ ವೇಷಧಾರಿ ಯಾವ ಲಂಡನ್ನಿನಲ್ಲಿ ಸಿಕ್ಕಾನು? ಸರ್ಕಾರಿ ಕಚೇರಿಯ ಅನುಭವದಿಂದ ಒಂದು ಮಾತು ಸೇರಿಸುತ್ತೇನೆ: ‘ಗೋಪನೀಯ’ ಎಂಬ ಮೊಹರಿನ ಕಡತದಲ್ಲಿ ಬಹುಪಾಲು ಗುಟ್ಟೇ ಇರುವುದಿಲ್ಲ, ಗುಟ್ಟೆಲ್ಲ ಕ್ಯಾಂಟೀನಿನಲ್ಲಿರುತ್ತದೆ. ಕಥೆಗಾರನಿಗೆ ಇಷ್ಟು ಸುಳಿವು ಸಾಲದೆ?

ಆದ್ದರಿಂದ ನಮ್ಮ ಸಂಘಗಳ ಮುಂದೆ ನನ್ನ ಬೇಡಿಕೆ ಸರಳವಾದುದು. ಬರುವ ರಾಜ್ಯೋತ್ಸವಕ್ಕೆ ಮಕ್ಕಳಿಂದ ‘ಕನ್ನಡದ ಹಿರಿಮೆ’ಯ ಕುರಿತು ಬಾಯಿಪಾಠದ ಭಾಷಣ ಮಾಡಿಸುವುದನ್ನು ಒಂದು ವರ್ಷ ನಿಲ್ಲಿಸಿ. ‘ಗೋವಾದಲ್ಲಿ ಸಿಐಡಿ 999’ ಚಿತ್ರವನ್ನು ತೋರಿಸಿ, ಬೆಳಕು ಹತ್ತಿಸಿ, ಕಾಗದ ಕೊಟ್ಟು ಕೇಳಿ: ಇವನು ಈಗ ಡೊಂಬಿವಲಿಗೆ ಬಂದರೆ ಮುಂದೇನು? ಅವರು ಕಾಗುಣಿತ ತಪ್ಪಿ ಬರೆಯಲಿ, ಮರಾಠಿ ಬೆರೆಸಿ ಬರೆಯಲಿ, ನಾಯಕನ ಜಾಗದಲ್ಲಿ ನಾಯಕಿಯನ್ನೇ ನಿಲ್ಲಿಸಲಿ. ತಿದ್ದುವ ಕೆಲಸ ಆಮೇಲೆ ಇದ್ದೇ ಇದೆ. ಮೊದಲು ಅವರು ಕನ್ನಡದಲ್ಲಿ ಒಂದು ಸುಳ್ಳನ್ನು ಚೆನ್ನಾಗಿ ಕಟ್ಟಲಿ, ಪಕ್ಕದವನು ಅದನ್ನು ಕೇಳಿ ‘ಆಮೇಲೆ?’ ಎನ್ನಲಿ.