ಹಳದಿ ಪೊಟ್ಟಣ, ಹಳದಿ ಬಾಂಬು

2001ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿಮಾನಗಳು ಅಫಘಾನಿಸ್ತಾನದ ಮೇಲೆ ಎರಡು ಬಗೆಯ ವಸ್ತುಗಳನ್ನು ಉದುರಿಸಿದವು. ಒಂದು, ಹಸಿದವರಿಗೆ ಊಟದ ಪೊಟ್ಟಣ. ಇನ್ನೊಂದು, ಕ್ಲಸ್ಟರ್ ಬಾಂಬಿನ ಹೊಟ್ಟೆಯಿಂದ ಚದುರುವ ಕಿರುಬಾಂಬು. ಎರಡರ ಬಣ್ಣವೂ ಹಳದಿ! ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂದು ಆಮೇಲೆ ರೇಡಿಯೋದಲ್ಲಿ ಹೇಳಲಾಯಿತು. ಪೊಟ್ಟಣದ ಬಣ್ಣವನ್ನು ನೀಲಿಗೆ ಬದಲಾಯಿಸುವುದಾಗಿ ನವೆಂಬರ್‌ನಲ್ಲಿ ಪ್ರಕಟಣೆ ಹೊರಟಿತು. ಬದಲಾದದ್ದು ಅನ್ನದ ಬಣ್ಣ. ಬಾಂಬು ಹಾಗೆಯೇ ಉಳಿಯಿತು.

ಇದು ಕೈತಪ್ಪಿನಿಂದಾದ ಪ್ರಮಾದವೆಂದು ಸಮರ್ಥಿಸುವವರಿದ್ದಾರೆ. ಆದರೆ ಅಲ್ಲಿ ಬಳಸಿದ ಒಂದು ಸಿಬಿಯು-87 ಬಾಂಬಿನಲ್ಲಿ 202 ಕಿರುಬಾಂಬುಗಳಿರುತ್ತವೆ. ಅವು ಆಕಾಶದಲ್ಲೇ ಬಿಚ್ಚಿಕೊಂಡು ಹೊಲ, ಹಟ್ಟಿ, ದಾರಿ ಎಂಬ ಭೇದವಿಲ್ಲದೆ ಬೀಳುತ್ತವೆ. ಸಿಡಿಯದೆ ಉಳಿದವು ಮುಟ್ಟುವ ಕೈಗಾಗಿ ಕಾಯುತ್ತವೆ. ಯೋಧನನ್ನೂ ಮಗುವನ್ನೂ ಬೇರ್ಪಡಿಸಲಾರದ ಅಸ್ತ್ರವನ್ನು ಆರಿಸಿಕೊಂಡ ಮೇಲೆ, ಮಗು ಸತ್ತದ್ದು ಆಕಸ್ಮಿಕ ಹೇಗಾಗುತ್ತದೆ?

ಲಾವೋಸ್‌ನ ಮೇಲೆ 1964ರಿಂದ 1973ರವರೆಗೆ ಅಮೆರಿಕ ಸುರಿದ ಕಿರುಬಾಂಬುಗಳು 27 ಕೋಟಿಗೂ ಹೆಚ್ಚು. ಸಿಡಿಯದೆ ಉಳಿದವು ಸುಮಾರು 8 ಕೋಟಿ ಎಂಬ ಅಂದಾಜಿದೆ. ಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರ ಹುಟ್ಟಿದವರೂ ಅವುಗಳಿಗೆ ಬಲಿಯಾದರು. 2006ರಲ್ಲಿ ದಕ್ಷಿಣ ಲೆಬನಾನ್‌ನ ಮೇಲೆ ಇಸ್ರೇಲ್ ನಡೆಸಿದ ಕ್ಲಸ್ಟರ್ ದಾಳಿಗಳಲ್ಲಿ ಶೇ. 90ರಷ್ಟು ಕೊನೆಯ 72 ಗಂಟೆಗಳಲ್ಲಿ ನಡೆದವು ಎಂದು ವಿಶ್ವಸಂಸ್ಥೆಯ ಅಂದಿನ ಪರಿಹಾರ ಮುಖ್ಯಸ್ಥ ಯಾನ್ ಎಗೆಲ್ಯಾಂಡ್ ಹೇಳಿದ್ದರು. ಕದನ ವಿರಾಮ ಬಾಗಿಲಲ್ಲಿ ನಿಂತಿದ್ದಾಗ ಹೊಲಗಳಿಗೆ ಬಾಂಬು ಬಿತ್ತಿದ್ದು ಯಾವ ಭದ್ರತೆಗಾಗಿ?

ದೊಡ್ಡಣ್ಣನನ್ನು ದೂರಿ ಸುಮ್ಮನಾದರೆ ನಾವೂ ಅಪ್ರಾಮಾಣಿಕರೇ. ಯೆಮನ್‌ನಲ್ಲಿ ಬ್ರಿಟನ್ ನಿರ್ಮಿತ ಕ್ಲಸ್ಟರ್ ಬಾಂಬು ಬಳಸಿದ್ದನ್ನು 2016ರ ಡಿಸೆಂಬರ್‌ನಲ್ಲಿ ಸೌದಿ ನೇತೃತ್ವದ ಮೈತ್ರಿಕೂಟವೇ ಒಪ್ಪಿಕೊಂಡಿತು. ಸಿರಿಯಾದಲ್ಲಿ ಅಸದ್ ಸರಕಾರ ತನ್ನ ಪ್ರಜೆಗಳ ಮೇಲೆಯೇ ಇವನ್ನು ಸುರಿಯಿತು. ಗಾಝಾಕ್ಕಾಗಿ ಬೀದಿಗಿಳಿಯುವ ನಾವು, ಕೊಲ್ಲುವವನೂ ಮುಸ್ಲಿಮನಾದಾಗ ದನಿ ತಗ್ಗಿಸುವುದೇಕೆ? ಸತ್ತ ಮಗುವಿನ ತಾಯಿಗೆ ಪೈಲಟ್‌ನ ಧರ್ಮ ಕಟ್ಟಿಕೊಂಡು ಆಗಬೇಕಾದ್ದೇನು?

ಉಕ್ರೇನ್‌ನಲ್ಲಿ 2022ರಿಂದ ರಷ್ಯಾ ಈ ಬಾಂಬುಗಳನ್ನು ಬಳಸಿದಾಗ ಖಂಡಿಸಿದ ಅಮೆರಿಕ, 2023ರ ಜುಲೈಯಲ್ಲಿ ಅವನ್ನೇ ಉಕ್ರೇನ್‌ಗೆ ಕೊಟ್ಟಿತು. ತಾವು ಕೊಡುವವುಗಳಲ್ಲಿ ಸಿಡಿಯದೆ ಉಳಿಯುವುದು ಶೇ. 2.35ಕ್ಕಿಂತ ಹೆಚ್ಚಿಲ್ಲ ಎಂಬುದು ಸಮಜಾಯಿಷಿ. ಲೆಕ್ಕ ಹಾಕಿ ನೋಡಿ: ತಲಾ 72 ಕಿರುಬಾಂಬುಗಳಿರುವ ಸಾವಿರ ಶೆಲ್ ಹಾರಿಸಿದರೆ, ಆ ಲೆಕ್ಕದಲ್ಲೇ 1,692 ಕಿರುಬಾಂಬುಗಳು ನೆಲದಲ್ಲಿ ಉಳಿಯುತ್ತವೆ. ಕಾಗದದ ಮೇಲೆ ಅಲ್ಪವಾದದ್ದು ಹೊಲದಲ್ಲಿ ಅಲ್ಪವಲ್ಲ.

ಈ ಅಸ್ತ್ರವನ್ನು ನಿಷೇಧಿಸುವ ಒಪ್ಪಂದಕ್ಕೆ 2008ರಲ್ಲಿ ಓಸ್ಲೋದಲ್ಲಿ ಸಹಿ ಬಿತ್ತು. 2010ರ ಆಗಸ್ಟ್ 1ರಿಂದ ಅದು ಜಾರಿಯಲ್ಲಿದೆ. ನೂರಕ್ಕೂ ಹೆಚ್ಚು ರಾಷ್ಟ್ರಗಳು ಒಪ್ಪಿವೆ. ಅಮೆರಿಕ, ರಷ್ಯಾ, ಚೀನಾ, ಇಸ್ರೇಲ್, ಪಾಕಿಸ್ತಾನ ಒಪ್ಪಿಲ್ಲ. ಗಾಂಧೀಜಿಯ ಭಾರತವೂ ಒಪ್ಪಿಲ್ಲ. ಒಳಗಿದ್ದ ಲಿಥುವೇನಿಯಾ, ರಷ್ಯಾದ ಭಯವನ್ನು ಮುಂದಿಟ್ಟು 2025ರ ಮಾರ್ಚ್‌ನಲ್ಲಿ ಹೊರನಡೆಯಿತು. ಭಯ ಸುಳ್ಳಲ್ಲ. ಆದರೆ ಭಯವಿದ್ದಾಗ ನಿಲ್ಲದ ಕಾನೂನು ಯುದ್ಧಕಾಲದಲ್ಲಿ ಯಾರನ್ನು ಕಾಯುತ್ತದೆ?

ಪರರ ಪಾಪದ ಪಟ್ಟಿ ಓದುವುದು ಸುಲಭ. ನಮ್ಮ ಮತ ಕೇಳಲು ಬರುವವರನ್ನು, ಈ ಒಪ್ಪಂದಕ್ಕೆ ಭಾರತದ ಸಹಿ ಏಕಿಲ್ಲ ಎಂದು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ?