ಹೊಸ ಕಾರಿನ ಬೆಲೆ: ಜಾಹೀರಾತಿನಲ್ಲಿ ಒಂದು, ಪಾವತಿಯಲ್ಲಿ ಇನ್ನೊಂದು

2025ರ ಸೆಪ್ಟೆಂಬರ್ 22ರಂದು ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು ಜಾರಿಗೆ ಬಂದವು. ನಾಲ್ಕು ಮೀಟರ್ ಉದ್ದವನ್ನು ಮೀರದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳು ಹಾಗೂ 1500 ಸಿಸಿಯೊಳಗಿನ ಡೀಸೆಲ್ ಕಾರುಗಳ ಮೇಲೆ ಅದುವರೆಗೆ ಶೇ. 28ರ ತೆರಿಗೆಯೂ ಅದರ ಮೇಲೊಂದು ಪರಿಹಾರ ಸೆಸ್ಸೂ ಇದ್ದವು. ಅವೆರಡರ ಬದಲಿಗೆ ಶೇ. 18 ಮಾತ್ರ ಉಳಿಯಿತು. ದೊಡ್ಡ ಕಾರುಗಳ ಮೇಲೆ ಸೆಸ್ ಸೇರಿ ಶೇ. 45ರಿಂದ 50ರವರೆಗೆ ಇದ್ದ ಹೊರೆ ಶೇ. 40ಕ್ಕೆ ಇಳಿಯಿತು. ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆನಿಂತ ನಮ್ಮವರ ಪೈಕಿ ವರ್ಷಗಳಿಂದ ಕಾರಿನ ಯೋಚನೆಯನ್ನು ಮುಂದೂಡುತ್ತಾ ಬಂದವರಿಗೆ ಇದು ಸಹಜವಾಗಿಯೇ ಸಂತಸದ ಸುದ್ದಿಯಾಯಿತು.

ಆದರೆ ಸರಕಾರ ಬಿಟ್ಟುಕೊಟ್ಟ ಹಣವೆಲ್ಲ ಗ್ರಾಹಕನ ಕಿಸೆಯಲ್ಲಿಯೇ ಉಳಿಯುವುದೇ? ತೆರಿಗೆ ಇಳಿಕೆಯ ಲಾಭವನ್ನು ವ್ಯಾಪಾರಿಗಳು ತಾವೇ ನುಂಗದಂತೆ ನೋಡಿಕೊಳ್ಳಲು 2017ರಲ್ಲಿ ಒಂದು ವಿಶೇಷ ವ್ಯವಸ್ಥೆಯನ್ನು ರೂಪಿಸಲಾಗಿತ್ತು. 2025ರ ಏಪ್ರಿಲ್ 1ರಿಂದ ಅಲ್ಲಿ ಹೊಸ ದೂರುಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಲಾಯಿತು. ಅಂದರೆ ಕಾವಲುಗಾರ ಮನೆಗೆ ಹೋದ ಐದಾರು ತಿಂಗಳಿಗೆ ದೊಡ್ಡ ರಿಯಾಯಿತಿ ಬಂದಿದೆ. ಇನ್ನು ಕಾಯಬೇಕಾದವನು ಕೊಳ್ಳುವವನೇ.

ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಎಕ್ಸ್-ಶೋರೂಮ್ ಬೆಲೆ. ನಾವು ವಾಸ್ತವವಾಗಿ ಕೊಡುವುದು ಆನ್-ರೋಡ್ ಬೆಲೆ. ಇವೆರಡರ ನಡುವೆ ಕಾನೂನುಬದ್ಧವಾದ ಕೆಲವು ಖರ್ಚುಗಳಿವೆ. ಅವುಗಳ ನೆರಳಿನಲ್ಲಿ ಯಾವ ಕಾನೂನೂ ಕೇಳದ ಇನ್ನೂ ಕೆಲವು ಬಂದು ಕುಳಿತಿರುತ್ತವೆ. ಎಂಟು ಲಕ್ಷ ರೂಪಾಯಿಯ ಪೆಟ್ರೋಲ್ ಕಾರೊಂದನ್ನು ವ್ಯಕ್ತಿಯ ಹೆಸರಿನಲ್ಲಿ ಕೊಳ್ಳುವುದಾದರೆ ಮಹಾರಾಷ್ಟ್ರದಲ್ಲಿ ಒಂದಾವರ್ತಿ ರಸ್ತೆ ತೆರಿಗೆ ಶೇ. 11, ಅಂದರೆ ಸುಮಾರು 88,000 ರೂಪಾಯಿ. ಹತ್ತು ಲಕ್ಷ ದಾಟಿದರೆ ಶೇ. 12, ಇಪ್ಪತ್ತು ಲಕ್ಷ ದಾಟಿದರೆ ಶೇ. 13. ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿ ಶುಲ್ಕ 600 ರೂಪಾಯಿ, ಸ್ಮಾರ್ಟ್ ಕಾರ್ಡಿಗೆ 200, ಸಾಲ ಮಾಡಿ ಕೊಳ್ಳುವುದಾದರೆ ಬ್ಯಾಂಕಿನ ಹೆಸರು ದಾಖಲಿಸಲು 1,500 ರೂಪಾಯಿ ಮಾತ್ರ. ಹೀಗಿರುವಾಗ ಕೊಟೇಷನ್ ಚೀಟಿಯಲ್ಲಿ ತೆರಿಗೆಯನ್ನೂ ಶುಲ್ಕವನ್ನೂ ಬೆರೆಸಿ 'ಆರ್‌ಟಿಓ' ಎಂಬ ಒಂದೇ ಸಾಲಿನಲ್ಲಿ ದುಂಡಗಿನ ದೊಡ್ಡ ಅಂಕಿಯೊಂದನ್ನು ಬರೆದಿದ್ದರೆ ಅದನ್ನು ಬಿಡಿಸಿ ಬರೆಯುವಂತೆ ಕೇಳಬೇಕು. ಹೊಸ ಕಾರನ್ನು ಈಗ ಆರ್‌ಟಿಓ ಅಂಗಳಕ್ಕೆ ಒಯ್ದು ನಿಲ್ಲಿಸಬೇಕಾಗಿಲ್ಲ, ಡೀಲರೇ ಗಣಕದ ಮೂಲಕ ನೋಂದಣಿ ಮಾಡಿಸುತ್ತಾನೆ. ಸಂದಾಯವಾದ ಮೊತ್ತಕ್ಕೆ ಸರಕಾರಿ ರಸೀದಿ ಬರುತ್ತದೆ. ಆ ರಸೀದಿಗೂ ನಾವು ಕೊಟ್ಟ ಹಣಕ್ಕೂ ಇರುವ ಅಂತರ ಎಲ್ಲಿಗೆ ಹೋಯಿತು ಎಂದು ಕೇಳುವ ಹಕ್ಕು ನಮಗಿದೆ.

ಇನ್ನು 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್', 'ಡಿಪೋ' ಮುಂತಾದ ಹೆಸರಿನ ಶುಲ್ಕಗಳು. ಕಂಪನಿಯ ಗೋದಾಮಿನಿಂದ ಕಾರನ್ನು ತರಲು, ತೊಳೆದು ಒರೆಸಿ ನಿಲ್ಲಿಸಲು ಖರ್ಚಾಗುತ್ತದೆ ಎಂಬುದು ಇದಕ್ಕೆ ಕೊಡುವ ಸಮರ್ಥನೆ. ಖರ್ಚಾಗುವುದು ನಿಜ. ಆದರೆ ಎಕ್ಸ್-ಶೋರೂಮ್ ಎಂಬ ಪದದ ಅರ್ಥವೇ ಅಂಗಡಿಯ ಬಾಗಿಲಲ್ಲಿ ನಿಂತ ಕಾರಿನ ಬೆಲೆ ಎಂದಲ್ಲವೇ? ಬಾಗಿಲವರೆಗೆ ಬಂದ ಖರ್ಚು ಅದರೊಳಗೇ ಇದೆ, ಡೀಲರನ ಲಾಭವೂ ಅದರೊಳಗೇ ಇದೆ. ಕಿರಾಣಿ ಅಂಗಡಿಯವನು ಅಕ್ಕಿಯ ದರ ಹೇಳಿದ ಮೇಲೆ ಲಾರಿ ಬಾಡಿಗೆ ಬೇರೆ ಕೇಳಿದರೆ ನಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರೋ ಅದನ್ನೇ ಇಲ್ಲಿಯೂ ಅನ್ನಬೇಕು. ಈ ಶುಲ್ಕ ಯಾವ ನಿಯಮದಡಿ ಎಂದು ಬರಹದಲ್ಲಿ ಕೊಡಿ ಎಂದು ಕೇಳಿದರೆ ಆ ಸಾಲು ಎಷ್ಟೋ ಕಡೆ ಸದ್ದಿಲ್ಲದೆ ಮಾಯವಾಗುತ್ತದೆ. ನೆಲಹಾಸು, ಮಡ್‌ಫ್ಲಾಪ್, ಬಣ್ಣದ ರಕ್ಷಣೆಯ ಲೇಪ, ವಿಸ್ತರಿತ ವಾರಂಟಿ ಇವೆಲ್ಲ ಬೇಕಾದವರಿಗೆ ಬೇಕು, ಬೇಡದವರಿಗೆ ಬೇಡ. ಇವನ್ನು ಕೊಂಡರೆ ಮಾತ್ರ ಕಾರು ಎಂದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ವಿವರಿಸಿರುವ ನಡವಳಿಕೆಯೇ ಆಗಿದೆ.

ಎಲ್ಲಕ್ಕಿಂತ ದೊಡ್ಡ ಸೋರಿಕೆ ವಿಮೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ವಿಮೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಮೂರನೆಯವರಿಗೆ ಆಗುವ ಹಾನಿಯದು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಇದನ್ನು ಮೂರು ವರ್ಷಗಳಿಗೆ ಒಟ್ಟಾಗಿ ಮಾಡಿಸಬೇಕು. ಇದರ ದರ ಸರಕಾರವೇ ಗೊತ್ತುಪಡಿಸಿದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿಯೊಳಗಿನ ಕಾರಿಗೆ ಮೂರು ವರ್ಷಕ್ಕೆ 6,521 ರೂಪಾಯಿ, 1500 ಸಿಸಿಯವರೆಗೆ 10,640, ಅದಕ್ಕೂ ಮೇಲ್ಪಟ್ಟರೆ 24,596 ಎಂದಿತ್ತು, ಮೇಲೆ ಶೇ. 18 ಜಿಎಸ್‌ಟಿ. ಎಲ್ಲ ಕಂಪನಿಗಳಿಗೂ ಇದು ಒಂದೇ. ಎರಡನೆಯ ಭಾಗ ನಮ್ಮದೇ ಕಾರಿನ ಹಾನಿಯದು. ಇದನ್ನು ಮೂರು ವರ್ಷಕ್ಕೆ ಮಾಡಿಸಬೇಕೆಂಬ ಕಡ್ಡಾಯವಿಲ್ಲ, ಒಂದು ವರ್ಷಕ್ಕೆ ಸಾಕು. ದರ ಕಂಪನಿಯಿಂದ ಕಂಪನಿಗೆ ಬೇರೆಯಾಗುವುದು ಇಲ್ಲಿಯೇ, ಡೀಲರನಿಗೆ ಆದಾಯ ಹುಟ್ಟುವುದೂ ಇಲ್ಲಿಯೇ.

"ಸರ್, ಇಲ್ಲಿಯೇ ವಿಮೆ ಮಾಡಿಸಿದರೆ ಮಾತ್ರ ಕ್ಯಾಷ್‌ಲೆಸ್, ಹೊರಗಿನದಾದರೆ ನಾಳೆ ತೊಂದರೆ" ಎಂದು ಮಾರಾಟದ ಹುಡುಗ ಬಹಳ ವಿನಯದಿಂದ ಹೇಳುತ್ತಾನೆ. ಹಣ ಕೊಡದೆ ದುರಸ್ತಿ ಮಾಡಿಸಿಕೊಳ್ಳುವ ಸೌಲಭ್ಯ ಆ ವಿಮಾ ಕಂಪನಿಗೂ ಆ ವರ್ಕ್‌ಶಾಪಿಗೂ ಒಪ್ಪಂದವಿದೆಯೇ ಎಂಬುದನ್ನು ಅವಲಂಬಿಸಿದೆ. ಪಾಲಿಸಿಯನ್ನು ಯಾರ ಮೇಜಿನ ಮುಂದೆ ಕುಳಿತು ಕೊಂಡೆವು ಎಂಬುದನ್ನಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2017ರ ನವೆಂಬರ್‌ನಿಂದ ಜಾರಿಗೊಳಿಸಿದ ಮಾರ್ಗಸೂಚಿಗಳ ಪ್ರಕಾರ ಡೀಲರನು ತನ್ನಿಂದಲೇ ವಿಮೆ ಕೊಳ್ಳುವಂತೆ ಗ್ರಾಹಕನನ್ನು ಒತ್ತಾಯಿಸುವಂತಿಲ್ಲ. ಆದುದರಿಂದ ಅದೇ ಕಾರಿಗೆ, ಅದೇ ಘೋಷಿತ ಮೌಲ್ಯಕ್ಕೆ, ಅದೇ ಹೆಚ್ಚುವರಿ ರಕ್ಷಣೆಗಳಿಗೆ ಹೊರಗಿನ ಎರಡು ದರಪಟ್ಟಿಗಳನ್ನು ತರಿಸಿ ಮೇಜಿನ ಮೇಲಿಡುವುದು ಉತ್ತಮ. ಘೋಷಿತ ಮೌಲ್ಯವನ್ನು ತಗ್ಗಿಸಿ ಕಂತನ್ನು ಅಗ್ಗವಾಗಿ ತೋರಿಸುವ ಜಾಣ್ಮೆಯೂ ಚಾಲ್ತಿಯಲ್ಲಿದೆ, ಆದ್ದರಿಂದ ಹೋಲಿಸುವಾಗ ಆ ಅಂಕಿಯನ್ನು ಮೊದಲು ನೋಡಬೇಕು.

ಹಳೆಯ ಕಾರನ್ನು ಮಾರಿ ಹೊಸದನ್ನು ತರುವವರು ಮರೆಯುವ ಸಂಗತಿ ಇನ್ನೊಂದಿದೆ. ಐದು ವರ್ಷ ಪರಿಹಾರ ಕೇಳದೆ ಓಡಿಸಿದವರ ನೋ ಕ್ಲೇಮ್ ಬೋನಸ್ ಶೇ. 50ಕ್ಕೆ ತಲುಪಿರುತ್ತದೆ. ಅದು ಕಾರಿನದಲ್ಲ, ಮಾಲೀಕನದು. ಹಳೆಯ ಕಾರು ಮಾರಿದಾಗ ವಿಮಾ ಕಂಪನಿಯಿಂದ ಪತ್ರ ಪಡೆದುಕೊಂಡರೆ ಮೂರು ವರ್ಷಗಳೊಳಗೆ ಹೊಸ ಕಾರಿನ ಸ್ವಂತ ಹಾನಿಯ ಕಂತಿನಲ್ಲಿ ಅಷ್ಟು ರಿಯಾಯಿತಿ ದೊರೆಯುತ್ತದೆ. ವಿನಿಮಯ ಯೋಜನೆಯಲ್ಲಿ ಹಳೆಯ ಕಾರನ್ನು ಅಲ್ಲಿಯೇ ಬಿಟ್ಟು ಬರುವ ಗಡಿಬಿಡಿಯಲ್ಲಿ ಇದನ್ನು ಕೈಬಿಟ್ಟವರು ಬಹಳ ಮಂದಿ. ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಹಾಗೆಯೇ. ಅದೇ ಹೆಸರಿನಲ್ಲಿ ಈಗಾಗಲೇ ಇದ್ದರೆ ಎರಡನೆಯ ಕಾರಿಗೆಂದು ಮತ್ತೆ ಕೊಳ್ಳಬೇಕಾಗಿಲ್ಲ.

ಮಾಟುಂಗದ ಮಾರುಕಟ್ಟೆಯಲ್ಲಿ ಬಾಳೆಎಲೆಗೆ, ಮಲ್ಲಿಗೆ ದಂಡೆಗೆ ಬಿಡದೆ ಚೌಕಾಸಿ ಮಾಡುವ ನಾವು ಗಾಜಿನ ಗೋಡೆಯ ಶೋರೂಮಿನಲ್ಲಿ ತಣ್ಣನೆಯ ಗಾಳಿ ತಾಗಿದೊಡನೆ ಮೃದುವಾಗಿಬಿಡುತ್ತೇವೆ. ಬೆಲೆ ಕಂಪನಿಯೇ ನಿಗದಿಪಡಿಸಿದ್ದು, ಡೀಲರನ ಕೈಯಲ್ಲಿ ಏನೂ ಇಲ್ಲ ಎಂಬ ನಂಬಿಕೆ ಇದಕ್ಕೊಂದು ಕಾರಣ. ಈ ನಂಬಿಕೆಯನ್ನು ಪರೀಕ್ಷೆಗೊಡ್ಡಿದ ಪ್ರಕರಣವೊಂದು ನಮ್ಮ ನೆರೆಯಲ್ಲಿಯೇ ಹುಟ್ಟಿತು. 2017ರ ನವೆಂಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ಅನಾಮಧೇಯ ಮಿಂಚಂಚೆಯೊಂದು ಬಂದಿತು. ಮುಂಬಯಿ ಹೊರತಾದ ಮಹಾರಾಷ್ಟ್ರ ಮತ್ತು ಗೋವಾದ ವಲಯದಲ್ಲಿ, ಕಂಪನಿ ಪ್ರಕಟಿಸಿದ್ದಕ್ಕಿಂತ ಹೆಚ್ಚಿನ ರಿಯಾಯಿತಿ ಕೊಡದಂತೆ ಮಾರುತಿ ಸುಜುಕಿ ತನ್ನ ಡೀಲರರನ್ನು ತಡೆಯುತ್ತಿದೆ ಎಂಬುದು ದೂರು. ಪುಣೆಯ ಡೀಲರರ ಹೆಸರೂ ಅದರಲ್ಲಿತ್ತು. ವಿಚಾರಣೆ ನಡೆಸಿದ ಆಯೋಗ 2021ರ ಆಗಸ್ಟ್ 23ರಂದು ಕಂಪನಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಗ್ರಾಹಕರ ಸೋಗಿನಲ್ಲಿ ಜನರನ್ನು ಕಳುಹಿಸಿ, ಹೆಚ್ಚು ರಿಯಾಯಿತಿ ಕೊಟ್ಟ ಡೀಲರನಿಗೂ ಅವನ ಮಾರಾಟ ಸಿಬ್ಬಂದಿಗೂ ದಂಡ ಹಾಕಲಾಗುತ್ತಿತ್ತು ಎಂದು ಆಯೋಗ ಕಂಡುಕೊಂಡಿತು. ಕಂಪನಿ ಮೇಲ್ಮನವಿ ಸಲ್ಲಿಸಿತು. ನ್ಯಾಯಮಂಡಳಿ 2021ರ ನವೆಂಬರ್‌ನಲ್ಲಿ ದಂಡದ ಶೇ. 10ನ್ನು ಠೇವಣಿ ಇಡುವ ಷರತ್ತಿನ ಮೇಲೆ ತಡೆ ನೀಡಿತು. ಹುಂಡೈ ಮೇಲೆ 2017ರಲ್ಲಿ ವಿಧಿಸಿದ್ದ 87 ಕೋಟಿಯ ದಂಡ ಮರುವರ್ಷ ಮೇಲ್ಮನವಿಯಲ್ಲಿ ರದ್ದಾಯಿತು ಎಂಬುದನ್ನೂ ಹೇಳಬೇಕು. ಕಾನೂನಿನ ವಾದ ಹೇಗಾದರೂ ಇರಲಿ, ರಿಯಾಯಿತಿ ಕೊಡಲು ಡೀಲರನಲ್ಲಿ ಅವಕಾಶವೇ ಇಲ್ಲದಿದ್ದರೆ ಅದನ್ನು ತಡೆಯಲು ಇಷ್ಟೊಂದು ಏರ್ಪಾಡು ಏಕೆ ಬೇಕಾಗುತ್ತಿತ್ತು?

ಆದುದರಿಂದ ಕೇಳುವುದರಲ್ಲಿ ಸಂಕೋಚ ಸಲ್ಲದು. 2019ರ ತಿದ್ದುಪಡಿಯ ನಂತರ ರಾಜ್ಯದೊಳಗಿನ ಯಾವುದೇ ಆರ್‌ಟಿಓದಲ್ಲಿ ವಾಹನ ನೋಂದಾಯಿಸಲು ಕಾಯಿದೆಯಲ್ಲಿ ಅವಕಾಶವಿದೆ. ಹಾಗಾಗಿ ಅಂಧೇರಿಯವರು ಅಂಧೇರಿಯಲ್ಲಿಯೇ ಕೊಳ್ಳಬೇಕೆಂದಿಲ್ಲ, ವಸಾಯಿ, ಪನ್ವೇಲ್‌ಗಳ ದರವನ್ನೂ ವಿಚಾರಿಸಬಹುದು. 'ಉಚಿತ ಪರಿಕರಗಳು' ಎಂಬ ಕೊಡುಗೆಗಿಂತ ಬಿಲ್ಲಿನಲ್ಲಿ ಇಳಿದ ಹಣ ಮೇಲು. ಮುಂಗಡ ಕೊಡುವ ಮೊದಲೇ ಒಟ್ಟು ಮೊತ್ತ, ಬಣ್ಣ, ಮಾದರಿ, ಕಾರು ತಯಾರಾದ ತಿಂಗಳು, ಬುಕಿಂಗ್ ರದ್ದಾದರೆ ಎಷ್ಟು ಹಣ ಮರಳುತ್ತದೆ ಎಂಬುದೆಲ್ಲ ಸಹಿಯಿರುವ ಕಾಗದದ ಮೇಲೆ ಬರಬೇಕು. ಡಿಸೆಂಬರ್‌ನಲ್ಲಿ ರಿಯಾಯಿತಿ ಧಾರಾಳವಾಗಿರುವುದು ವರ್ಷ ಉರುಳಿದರೆ ಕಾರು ಹಳೆಯ ಸಾಲಿನದಾಗುತ್ತದೆ ಎಂಬ ಕಾರಣಕ್ಕೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅದರಿಂದ ನಷ್ಟವೇನಿಲ್ಲ, ಮೂರೇ ವರ್ಷಕ್ಕೆ ಮಾರುವವರಿಗಿದೆ.

ನಮ್ಮವರ ಕೈ ಕಟ್ಟಿಹಾಕುವುದು ಹೆಚ್ಚಾಗಿ ಮುಹೂರ್ತ. ಯುಗಾದಿಗೋ ಆಯುಧಪೂಜೆಗೋ ಕಾರು ಮನೆಗೆ ಬರಬೇಕೆಂಬ ಆಸೆ ತಪ್ಪಲ್ಲ. ಆದರೆ ನಿಂಬೆಹಣ್ಣು, ತೆಂಗಿನಕಾಯಿ, ಹೂವಿನ ಹಾರ ಹಿಡಿದು ಮಕ್ಕಳು-ಮರಿಗಳೊಡನೆ ಬಂದು ನಿಂತವನು ಕೊನೆಯ ಗಳಿಗೆಯಲ್ಲಿ ಕಂಡ ಹೊಸ ಸಾಲನ್ನು ಪ್ರಶ್ನಿಸಲಾರ. ಇದು ಡೀಲರನಿಗೂ ಗೊತ್ತು. ಆದ್ದರಿಂದ ಹಬ್ಬಕ್ಕೆ ಒಂದು ವಾರ ಮುಂಚೆಯೇ ಅಂತಿಮ ಲೆಕ್ಕ ಮುಗಿಸಿ, ಚಾಸಿಸ್ ಸಂಖ್ಯೆ ನೋಡಿಕೊಂಡು, ಹಬ್ಬದ ದಿನವನ್ನು ಪೂಜೆಗೆ ಮಾತ್ರ ಇಟ್ಟುಕೊಳ್ಳುವುದು ಲೇಸು.

ಹತ್ತು ಲಕ್ಷ ಮೀರಿದ ಕಾರಿಗೆ ಡೀಲರನು ಶೇ. 1ರಷ್ಟು ಆದಾಯ ತೆರಿಗೆಯನ್ನು ಸಂಗ್ರಹಿಸುತ್ತಾನೆ. ಇದು ಗುಪ್ತ ಶುಲ್ಕವಲ್ಲ, ನಮ್ಮ ಪ್ಯಾನ್ ಸಂಖ್ಯೆಯಲ್ಲಿ ಜಮೆಯಾಗುತ್ತದೆ. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಹಿಡಿಯಬಹುದು ಅಥವಾ ಮರಳಿ ಪಡೆಯಬಹುದು. ನಿವೃತ್ತರು ಇದನ್ನು ಕೇಳದೆ ಬಿಡುವುದುಂಟು. ಸಾಲದ ವಿಷಯದಲ್ಲಿ, 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಎಲ್ಲ ಖರ್ಚುಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಗ್ರಾಹಕನಿಗೆ ಕೊಡಲೇಬೇಕು. ಡೀಲರ್ ತೋರಿಸಿದ ಬ್ಯಾಂಕು, ನಮ್ಮ ಖಾತೆಯಿರುವ ಬ್ಯಾಂಕು ಎರಡರ ಪತ್ರಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಮಾತಿನಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗ 50 ಲಕ್ಷದವರೆಗಿನ ವಹಿವಾಟಿನ ದೂರುಗಳನ್ನು ಆಲಿಸುತ್ತದೆ.

ಊರಿನೊಡನೆ ನಂಟು ಉಳಿಸಿಕೊಂಡವರಿಗೆ ಕೊನೆಯದಾಗಿ ಒಂದು ವಿಷಯ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ. 17, ಮೇಲೆ ಸೆಸ್. ಮಹಾರಾಷ್ಟ್ರದಲ್ಲಿ ಕೊಂಡು ಉಡುಪಿಗೋ ಮಂಗಳೂರಿಗೋ ಒಯ್ಯೋಣವೆಂಬ ಲೆಕ್ಕ ಕೆಲವರಲ್ಲಿದೆ. ರಜೆಗೆ ಹೋಗಿ ಬರುವುದಕ್ಕೆ ಅಡ್ಡಿಯಿಲ್ಲ. ಆದರೆ ಕಾರು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿಯೇ ಉಳಿದರೆ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಮರುನೋಂದಣಿ ಮಾಡಿಸಿ ಅಲ್ಲಿಯ ತೆರಿಗೆ ಕಟ್ಟಬೇಕಾಗುತ್ತದೆ, ಇಲ್ಲಿ ಕಟ್ಟಿದ್ದನ್ನು ಮರಳಿ ಪಡೆಯಲು ಬೇರೆಯೇ ಅಲೆದಾಟ. ವರ್ಗಾವಣೆಯ ನೌಕರಿಯಲ್ಲಿರುವವರಿಗೆ, ಅಂದರೆ ಕೇಂದ್ರ ಸರಕಾರದ ನೌಕರರಿಗೆ ಹಾಗೂ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೆ, 2021ರ ಸೆಪ್ಟೆಂಬರ್‌ನಿಂದ ಬಿಎಚ್ ಸರಣಿಯ ನೋಂದಣಿ ಲಭ್ಯವಿದೆ. ಅದರಲ್ಲಿ ತೆರಿಗೆಯನ್ನು ಎರಡೆರಡು ವರ್ಷಗಳ ಕಂತಿನಲ್ಲಿ ಕಟ್ಟಬಹುದು. ಉಳಿದವರು ಊರಿಗೆ ಹೋಗಿಬಂದ ದಿನಾಂಕಗಳನ್ನು ತೋರಿಸುವ ಫಾಸ್ಟ್ಯಾಗ್ ವಿವರಗಳನ್ನು ಜೋಪಾನವಾಗಿಟ್ಟುಕೊಂಡರೆ ಘಟ್ಟದ ಕೆಳಗೆ ಯಾರಾದರೂ ತಡೆದು ಕೇಳಿದಾಗ ಉತ್ತರಿಸಲು ಸುಲಭವಾಗುತ್ತದೆ.