ಕಾರ್ಡಿಗೆ ಕಿರೀಟ, ಬೋರ್ಡಿಗೆ ಬಡತನ

ನಮ್ಮ ಶಂಶಾಬಾದಿನ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತೆಂದರೆ ಮನೆಮಂದಿಯೆಲ್ಲ ಸಿಕಂದರಾಬಾದಿನ ಪಾರ್ಕ್‌ಲೇನಿಗೆ ಸವಾರಿ ಹೊರಡುವುದುಂಟು. ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಆರಿಸಿ ಕಂಪ್ಯೂಟರ್ ಜೋಡಿಸಿಕೊಳ್ಳುವುದು ಒಳ್ಳೆಯದೇ. ಕೊಟ್ಟ ಹಣ ಎಲ್ಲಿ ಹೋಯಿತೆಂದಾದರೂ ತಿಳಿಯುತ್ತದೆ. ನನ್ನ ತಕರಾರು ಆರಿಸುವ ಕ್ರಮದ ಬಗ್ಗೆ.

ಮೊದಲು ಗ್ರಾಫಿಕ್ಸ್ ಕಾರ್ಡು. ಪಕ್ಕದ ಮನೆಯ ಹುಡುಗನ ಬಳಿ ಇರುವುದಕ್ಕಿಂತ ಒಂದು ನಂಬರು ಮೇಲಿನದು. ಆಮೇಲೆ ದೀಪಾವಳಿ ಅಂಗಡಿಯಂತೆ ಮಿನುಗುವ ಗಾಜಿನ ಪೆಟ್ಟಿಗೆ. ಉಳಿದ ಚಿಲ್ಲರೆಗೆ ಯಾವುದೋ ಒಂದು ಮದರ್‌ಬೋರ್ಡು. ತಲೆಬಾಗಿಲ ಕೆತ್ತನೆಗೆ ದುಡ್ಡು ಸುರಿದು ತಳಪಾಯಕ್ಕೆ ಸಾಲ ಹುಡುಕಿದ ಹಾಗಾಯಿತು!

ಕಾರ್ಡಿನ ಶಕ್ತಿಯೆಲ್ಲ ಬೋರ್ಡಿನ ಮೂಲಕವೇ ಹರಿಯಬೇಕು. 2022ರ ಜನವರಿಯಲ್ಲಿ ಬಂದ ಎ.ಎಂ.ಡಿ.ಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡನ್ನು ನೋಡಿ. ದೊಡ್ಡ ಕಾರ್ಡುಗಳಿಗೆ ಹದಿನಾರು ಲೇನುಗಳಿದ್ದರೆ ಇದಕ್ಕೆ ಇರುವುದು ನಾಲ್ಕೇ. ನಾಲ್ಕನೇ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಇರುವ ಬೋರ್ಡಿನಲ್ಲಿ ಹೇಗೋ ನಿಭಾಯಿಸುತ್ತದೆ. ಮೂರನೇ ಪೀಳಿಗೆಯ ಬೋರ್ಡಿಗೆ ಸಿಕ್ಕಿಸಿದರೆ ದಾರಿಯ ವೇಗ ಅರ್ಧಕ್ಕಿಳಿದು ಹಲವು ಆಟಗಳಲ್ಲಿ ಕುಂಟತೊಡಗುತ್ತದೆ. ಕಾರ್ಡಿನ ಡಬ್ಬಿಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ.

ಸಾಕೆಟ್ಟಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 2017ರಲ್ಲಿ ಎ.ಎಂ.4 ಬೋರ್ಡು ಕೊಂಡವರಲ್ಲಿ ಅನೇಕರು, ಬೋರ್ಡಿನ ಕಂಪನಿ ಹೊಸ ಬಯೋಸ್ ಕೊಟ್ಟದ್ದರಿಂದ, 2022ರ ರೈಜೆನ್ 5800ಎಕ್ಸ್3ಡಿ ಪ್ರೊಸೆಸರನ್ನು ಅದೇ ಬೋರ್ಡಿನ ಮೇಲೆ ಕೂರಿಸಿದರು. ಅದೇ 2017ರಲ್ಲಿ ಇಂಟೆಲ್ ತನ್ನ ಎಂಟನೇ ಪೀಳಿಗೆ ತಂದಾಗ ಸಾಕೆಟ್ಟಿನ ಹೆಸರು 1151 ಎಂದೇ ಉಳಿದರೂ ಹಿಂದಿನ 100 ಮತ್ತು 200 ಸರಣಿಯ ಬೋರ್ಡುಗಳು ಅದಕ್ಕೆ ಒಗ್ಗಲಿಲ್ಲ. ಒಂದೇ ವರ್ಷ, ಎರಡು ಆಯ್ಕೆ. ಒಬ್ಬರಿಗೆ ಐದು ವರ್ಷದ ಬಾಳಿಕೆ, ಇನ್ನೊಬ್ಬರಿಗೆ ಹೊಸ ಬೋರ್ಡಿನ ಖರ್ಚು. 2022ರಲ್ಲಿ ಬಂದ ಎ.ಎಂ.5 ಸಾಕೆಟ್ಟನ್ನು 2027ರವರೆಗೂ, ಅದರಾಚೆಗೂ ನಡೆಸುವೆನೆಂದು ಎ.ಎಂ.ಡಿ. ಹೇಳಿದೆ. ಇಂಥ ಮಾತನ್ನು ಕೊಳ್ಳುವ ಮೊದಲು ವಿಚಾರಿಸುವವರು ನಮ್ಮಲ್ಲಿ ಎಷ್ಟು ಮಂದಿ?

“ಮಕ್ಕಳು ಎ.ಐ. ಕಲಿಯಬೇಕಲ್ಲ ಸ್ವಾಮಿ, ಕಾರ್ಡು ಬೇಡವೇ?” ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆ ವಿದ್ಯೆಗೆ ಎನ್ವಿಡಿಯಾ ಕಾರ್ಡು ಅನುಕೂಲವೆಂಬುದೂ ನಿಜ. ಆದರೆ ಮೊದಲ ವರ್ಷದ ಸಿ, ಪೈಥಾನ್ ಪಾಠಗಳಿಗೆ, ಕನ್ನಡ ಟೈಪಿಂಗಿಗೆ, ಅಮ್ಮ ನೋಡುವ ಧಾರಾವಾಹಿಗೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸೇ ಧಾರಾಳ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರನ್ನು ಅಗ್ಗವೆಂದು ಅಂಟಿಸಿದರೆ ಮಾತ್ರ ಎಚ್ಚರ. ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡಿಲ್ಲದೆ ಪರದೆ ಬೆಳಗುವುದಿಲ್ಲ. ಒಳ್ಳೆಯ ಬೋರ್ಡು, ತೂಕವುಳ್ಳ ಪವರ್ ಸಪ್ಲೈ ಇದ್ದರೆ ಮೂರನೇ ವರ್ಷಕ್ಕೆ ಕಾರ್ಡು ಸೇರಿಸಿಕೊಳ್ಳಬಹುದು. ಆಗಲೂ ಬಣ್ಣದ ದೀಪ ನೋಡದೆ ಮೆಮೊರಿ ನೋಡಿ: ಎ.ಐ. ಕಲಿಕೆಗೆ 8 ಜಿಬಿಗಿಂತ 12 ಅಥವಾ 16 ಜಿಬಿ ಮೇಲು.

ಬೋರ್ಡಿನಲ್ಲಿ ನೋಡಬೇಕಾದದ್ದು ಬಹಳವೇನಿಲ್ಲ. ಪ್ರೊಸೆಸರಿಗೆ ವಿದ್ಯುತ್ ಹಾಯಿಸುವ ಭಾಗದ ಮೇಲೆ ಶಾಖ ಹೀರುವ ಲೋಹದ ಹೊದಿಕೆ ಇದೆಯೇ? ನಮ್ಮ ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಅದಿಲ್ಲದೆ ಆಗದು. ರ‍್ಯಾಮಿಗೆ ನಾಲ್ಕು ಸ್ಲಾಟ್, ಎರಡು ಎಂ.2 ಜಾಗ. ಇಷ್ಟು ನೋಡಿದ ಮೇಲೆ ಬಿಲ್ಲು. ಜಿ.ಎಸ್.ಟಿ. ಉಳಿಯಿತೆಂದು ಬಿಲ್ಲಿಲ್ಲದೆ ತರುವ ಜಾಣರು ವಾರಂಟಿಯನ್ನೂ ಅಂಗಡಿಯಲ್ಲೇ ಬಿಟ್ಟು ಬರುತ್ತಾರೆ. ಬರಿದೆ ‘ಮದರ್‌ಬೋರ್ಡ್ – 1’ ಎಂದು ಬರೆದುಕೊಟ್ಟರೆ ಒಪ್ಪಬೇಡಿ. ಮಾದರಿಯ ಹೆಸರು, ಸೀರಿಯಲ್ ನಂಬರು ಎರಡನ್ನೂ ಬರೆಸಿಕೊಂಡೇ ಮೆಟ್ಟಿಲಿಳಿಯಿರಿ.